ಕೈ ಹಿಡಿದ ಸೆಕೆಂಡುಗಳು

ನಮ್ಮ ಊರಿನ ಜನಕ್ಕೆ ಸೆಕೆಂಡು ಎಂಬುದೊಂದು ಇದೆ ಎಂದು ಯಾರಾದರೂ ಪುಣ್ಯಾತ್ಮರು ತಿಳಿಸಿ ಹೇಳಬೇಕು. ನಾನಂತೂ ಇಪ್ಪತ್ತಮೂರು ವರ್ಷದಿಂದ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ನನ್ನ ಅಳತೆ ಪೆಟ್ಟಿಗೆಯ ಮುಳ್ಳು ಎಷ್ಟು ಆಂಪಿಯರ್ ತೋರಿಸುತ್ತದೆಯೋ ಅದನ್ನು ಕೂತ ಸೆಕೆಂಡುಗಳಿಂದ ಗುಣಿಸಿದರೆ ಮೈಯಿಂದ ಎಷ್ಟು ಕೂಲಮ್ ಚಾರ್ಜು ಇಳಿಯಿತು ಎಂದು ಗೊತ್ತಾಗುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ಕಾಲೇಜು ಬೇಡ. ಆದರೆ ನಮ್ಮವರು ನಿಮಿಷದಿಂದ ಗುಣಿಸುತ್ತಾರೆ. ಹೋದ ವರ್ಷ ಚಹಾದ ಅಂಗಡಿಯ ರಾಚಯ್ಯ ತನ್ನ ತಿಂಗಳ ತೊಂಬತ್ತು ಕೂಲಮ್ ಇಳಿಸಿಕೊಳ್ಳಲು ಬಂದ. ಅರ್ಧ ಆಂಪಿಯರಿಗೆ ನೂರ ಎಂಬತ್ತು ಸೆಕೆಂಡು, ಅಂದರೆ ಮೂರು ನಿಮಿಷದ ಕೆಲಸ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನು ತಾನೇ ಲೆಕ್ಕ ಹಾಕಿ, ನೂರ ಎಂಬತ್ತು ನಿಮಿಷ ಎಂದುಕೊಂಡು, ಮೂರು ಗಂಟೆ ಕೂರಲು ತಯಾರಾಗಿ ಹಿತ್ತಾಳೆಯ ಹಿಡಿಯನ್ನು ಅಪ್ಪಿ ಹಿಡಿದಿದ್ದ. ಹಿಂದೆ ಪಾಳಿ ರಸ್ತೆಯ ತನಕ ಬೆಳೆದಿತ್ತು. ಮೈ ಎಂದೋ ಖಾಲಿಯಾಗಿ ಮುಳ್ಳು ಸೊನ್ನೆಗೆ ಬಿದ್ದಿದ್ದನ್ನು ಅವನು ನೋಡಿಯೂ ಇದ್ದ. ಮುಳ್ಳು ಕೆಟ್ಟಿದೆ ಎಂದ.

ಉಗುರು ಬೆಳೆದ ಹಾಗೆ ನಮ್ಮೂರಿನವರ ಮೈಯಲ್ಲಿ ಚಾರ್ಜು ಬೆಳೆಯುತ್ತದೆ. ದುಡಿಯುವ ವಯಸ್ಸಿನವರಿಗೆ ದಿನಕ್ಕೆ ಮೂರು ಕೂಲಮ್, ಅರವತ್ತು ದಾಟಿದವರಿಗೆ ಎರಡು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಿಂಗಳಿಗೊಮ್ಮೆ ಇಳಿಸುವ ಮನೆಗೆ ಬಂದು ನನ್ನ ಪೆಟ್ಟಿಗೆಯ ಮುಂದೆ ಕೂತು ಹಿಡಿ ಹಿಡಿದರೆ, ಅದು ತಂತಿಯ ಮೂಲಕ ಉಪ್ಪು ಇದ್ದಿಲು ತುಂಬಿದ ಗುಂಡಿಗೆ ಹೋಗಿ ಮಣ್ಣು ಸೇರುತ್ತದೆ. ಕೂತವರನ್ನು ಯಾರೂ ಮಾತಾಡಿಸಬಾರದು ಎಂದು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದೇನೆ. ಕೂತವರಿಗೆ ಸಿಟ್ಟು ಬಂದರೆ, ನಗು ಬಂದರೆ, ಮುಳ್ಳು ಕುಣಿಯುತ್ತದೆ. ಮುಳ್ಳು ಒಂದೇ ಕಡೆ ನಿಂತರೆ ಮಾತ್ರ ಗುಣಾಕಾರ ನಡೆಯುವುದು. ಆದರೆ ಮಗಳ ಜಗಳ, ಹೊಲದ ಬದು, ಮದುವೆಯ ಊಟದಲ್ಲಿ ಯಾರಿಗೆ ಹೋಳಿಗೆ ಸಿಗಲಿಲ್ಲ ಎಂಬ ತಕರಾರು, ಎಲ್ಲವನ್ನೂ ನಮ್ಮವರು ಆ ಮೂರು ನಿಮಿಷಕ್ಕೇ ಕಾದಿಟ್ಟುಕೊಂಡು ಬರುತ್ತಾರೆ. ಕೊನೆಯ ಐವತ್ತು ಕೂಲಮ್ ಉಳಿದಾಗ ಮುಳ್ಳು ತಾನೇ ನಡುಗಲು ಶುರುವಾಗುತ್ತದೆ. ಮುಳ್ಳು ನಡುಗುವಷ್ಟು ಇಳಿಸಿಕೊಳ್ಳದವರು ಹಸುಗೂಸನ್ನು ಮುಟ್ಟುವ ಹಾಗಿಲ್ಲ. ಕೂಸುಗಳಿಗೆ ಮೂರು ತಿಂಗಳ ತನಕ ಏನೂ ಇರುವುದಿಲ್ಲ. ಐವತ್ತಕ್ಕಿಂತ ಹೆಚ್ಚು ಇರುವವರು ಮುಟ್ಟಿದರೆ ಅವು ಉಸಿರು ಹಿಡಿಯುತ್ತವೆ.

ಸಾಯುವವರದು ಬೇರೆಯೇ ಕ್ರಮ. ಪ್ರಾಣ ಹೋಗುವ ಹೊತ್ತಿಗೆ ಅಂಗೈಯಿಂದ ಚಾರ್ಜು ತಾನಾಗಿ ಹೊರಡುತ್ತದೆ. ಬಡವನಾಗಲಿ ಬಲ್ಲಿದನಾಗಲಿ, ಎಲ್ಲರಿಗೂ ಅರ್ಧ ಆಂಪಿಯರ್. ಯಾರಾದರೊಬ್ಬರು ಆ ಕೈ ಹಿಡಿದು ಕೂತರೆ ಅವರ ಮೈಗೆ ಬರುತ್ತದೆ, ಇಲ್ಲವಾದರೆ ಮಂಚದ ಕಬ್ಬಿಣಕ್ಕೆ ಹೋಗುತ್ತದೆ. ಹಿಡಿದವರು ಒಂದು ವರ್ಷ ಇಳಿಸಿಕೊಳ್ಳದೆ ಇಟ್ಟುಕೊಂಡಿರುತ್ತಾರೆ. ವರ್ಷ ತುಂಬಿದ ದಿನ ನೆಂಟರೆಲ್ಲ ಸೇರುತ್ತಾರೆ, ನಾನು ಹೋಗಿ ಪೂರ್ತಿ ಇಳಿಸುತ್ತೇನೆ. ಒಟ್ಟಿನಲ್ಲಿ ಅವರ ಸ್ವಂತದ ದಿನಗಳ ಪಾಲು ಕಳೆದರೆ ಉಳಿದದ್ದು ಸತ್ತವರದು. ಆ ಅಂಕಿಯನ್ನು ನಾನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಬೇಕು. ಹೆಣ ಎತ್ತುವಾಗ ಅಳದವರೂ ಆ ಅಂಕಿ ಕೇಳಿ ಅಳುತ್ತಾರೆ. ಅದರಲ್ಲೂ ಜಂಬ ಬೇರೆ. ನಮ್ಮಪ್ಪಂದು ಮುನ್ನೂರು, ನಿಮ್ಮಪ್ಪಂದು ಇನ್ನೂರಾ ಹತ್ತು ಎಂದು ಕಟ್ಟೆಯ ಮೇಲೆ ಕೂತು ಹೋಲಿಸುವುದನ್ನು ನಾನೇ ಕೇಳಿದ್ದೇನೆ.

ಎಣ್ಣೆ ಗಾಣದ ಓಣಿಯ ನೀಲಗಂಗವ್ವ ಮಾತ್ರ ಗಂಡ ದುಂಡಪ್ಪ ಸತ್ತು ಆರು ವರ್ಷವಾದರೂ ಇಳಿಸಿಕೊಂಡಿರಲಿಲ್ಲ. ವರ್ಷದ ದಿನ ನೆಂಟರು ಬಂದು ಉಂಡು ಹೋದರು, ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಗಂಡನ ಮೇಲೆ ಎಂಥ ಜೀವ ಎಂದು ಊರು ಹೊಗಳಿತು. ಹೊಗಳುವವರೇನು, ಆ ಮನೆಯಲ್ಲಿ ಬದುಕಬೇಕಾಗಿರಲಿಲ್ಲವಲ್ಲ. ಅವಳ ಕೋಣೆಯ ಚಿಲಕಕ್ಕೆ ಬಟ್ಟೆ ಸುತ್ತಿದ್ದರು. ಮನೆಮಂದಿಯೆಲ್ಲ ಒಳಗೂ ರಬ್ಬರಿನ ಚಪ್ಪಲಿ ಹಾಕುತ್ತಿದ್ದರು. ಅವಳ ಊಟವನ್ನು ಸೊಸೆ ಮಹಾನಂದಾ ಮಣೆಯ ಮೇಲೆ ಇಟ್ಟು, ಉದ್ದನೆಯ ಕಟ್ಟಿಗೆಯಿಂದ ಮೆಲ್ಲಗೆ ಮುಂದಕ್ಕೆ ನೂಕುತ್ತಿದ್ದಳು. ಸಾರು ಚೆಲ್ಲದ ಹಾಗೆ ನೂಕುವುದು ಅವಳಿಗೆ ರೂಢಿಯಾಗಿ ಹೋಗಿತ್ತು. ಆರು ವರ್ಷ ಆ ಮುದುಕಿಯ ತಲೆಗೆ ಇನ್ನೊಬ್ಬರು ಎಣ್ಣೆ ಹಚ್ಚಿರಲಿಲ್ಲ, ಜ್ವರ ಬಂದರೆ ಯಾರೂ ಹಣೆ ಮುಟ್ಟಿ ನೋಡಿರಲಿಲ್ಲ.

ಹೀಗಿರುವಾಗ ಒಂದು ಗುರುವಾರ ಅವಳ ಮಗ ಬಾಳಪ್ಪ ಇಳಿಸುವ ಮನೆಗೆ ಬಂದ. ಗಿರಣಿಯ ಮೇಸ್ತ್ರಿ, ಐವತ್ತೈದರ ಮನುಷ್ಯ, ಯಾವುದನ್ನೂ ಎರಡು ಸಲ ಕೇಳಿಸಿಕೊಳ್ಳದವನು. ಅವನ ಮಗಳು ಹೆತ್ತಿದ್ದಳು, ಮರುದಿನ ಹನ್ನೊಂದು ಗಂಟೆಗೆ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಮನೆಯ ಹಿರಿಯಳೇ ಕೂಸನ್ನು ಎತ್ತಿ ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಹೆಸರು ಹೇಳಬೇಕು.

“ಅವ್ವ ಒಪ್ಯಾಳ್ರಿ ಅಕ್ಕಾರ,” ಎಂದ. “ಇಳಸ್ಕೋತೀನಿ ಅಂದಾಳ. ಆದ್ರ ಅಪ್ಪಂದು ಒಳಗ ಬಿಡಬೇಕಂತ. ಬರೇ ತನ್ನದಷ್ಟ ತಗೀಬೇಕಂತ.”

“ಬಾಳಪ್ಪಾ, ಅಪ್ಪಂದು ಒಂದು ಬಣ್ಣ, ಅವ್ವಂದು ಒಂದು ಬಣ್ಣ ಇರ್ತೈತೇನು? ಒಳಗ ಹೋದ ಮ್ಯಾಲೆ ಎಲ್ಲಾ ಒಂದ.”

“ಅಷ್ಟು ಕೂಲಮ್ ಉಳಿಸಿದ್ರ ಆತಲ್ರಿ.”

“ಎಷ್ಟು ಅಂತ ಉಳಸಲಿ? ಐವತ್ತರ ಮ್ಯಾಲ ಇದ್ರ ಕೂಸು ಮುಟ್ಟಾಂಗಿಲ್ಲ. ನಿಮ್ಮಪ್ಪನ ಕೈ ಅವ್ವ ಎಷ್ಟೊತ್ತು ಹಿಡಕೊಂಡಿದ್ಲು?”

“ಹತ್ತು ನಿಮಿಷ ಅನ್ರಿ. ಅರ್ಧ ಆಂಪಿಯರ್, ಹತ್ತು. ಐದಾತು. ಐದ ಕೂಲಮ್ ಅಂದ್ರ ಏನ್ರಿ, ಕೂಸು ಸೀನಂಗಿಲ್ಲ.”

ನಾನು ಕಣ್ಣು ಮುಚ್ಚಿಕೊಂಡೆ. ಗೋಡೆಯ ಮೇಲೆ ಇನ್ನೊಂದು ಸಾಲು ಬರೆಸಬೇಕು ಎನಿಸಿತು. “ಹತ್ತು ನಿಮಿಷ ಅಂದ್ರ ಆರುನೂರು ಸೆಕೆಂಡು. ಅರ್ಧದಿಂದ ಗುಣಿಸಿದ್ರ ಮುನ್ನೂರು,” ಎಂದೆ. “ಮುನ್ನೂರು ಇಟಗೊಂಡು ಕೂಸು ಎತ್ತಿದ್ರ ತೊಟ್ಟಿಲು ಬ್ಯಾಡ, ಬ್ಯಾರೇದ ಬೇಕಾಗತೈತಿ.” ಬಾಯಿಂದ ಬಂದ ಮೇಲೆ ಅಂಥ ಮಾತು ಆಡಬಾರದಿತ್ತು ಎನಿಸಿತು. ಬಾಳಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡ ಹಾಗೆ ಕಾಣಲಿಲ್ಲ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಒಂದು ಎರಡು ನಿಮಿಷ ಆಗಿರಬೇಕು ಎಂದು ತಂದೆಯ ಸಾವನ್ನು ಅಲ್ಲೇ ನಿಂತು ಚೌಕಾಸಿ ಮಾಡತೊಡಗಿದ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿ ಚೆಂಡುಹೂವಿನ ಮಾಲೆ ಹಾಕಿದ್ದರು. ಬಾಳಪ್ಪನ ತಂಗಿ ಕಾಶವ್ವ ಗಂಡನ ಊರಿನಿಂದ ಹಿಂದಿನ ದಿನವೇ ಬಂದಿದ್ದಳು. ನಾನು ತಂತಿಯನ್ನು ಇದಕ್ಕೆಂದು ಹಿತ್ತಲಿನಲ್ಲಿ ತೋಡಿಸಿದ್ದ ಗುಂಡಿಗೆ ಎಳೆಯುತ್ತಿರುವಾಗಲೇ ನನ್ನ ಹಿಂದೆ ಬಂದು ನಿಂತಳು.

“ಅಣ್ಣನ ಮಾತು ಕೇಳಬ್ಯಾಡ್ರಿ ಅಕ್ಕಾರ. ಎರಡು ನಿಮಿಷಂತ, ಏನ್ ಮಾತ್ರಿ ಅದು? ನಮ್ಮಪ್ಪ ದೊಡ್ಡ ಜೀವ. ಅರ್ಧ ತಾಸು ಹಿಡಕೊಂಡು ಕುಂತಿದ್ಲು ನಮ್ಮವ್ವ, ಬಿಟ್ಟಿಲ್ಲ.”

“ಅರ್ಧ ತಾಸಂದ್ರ ಒಂಬೈನೂರು ಕೂಲಮ್, ಕಾಶವ್ವಾ. ಕೂಸು ಎತ್ತಾಂಗಿಲ್ಲ.”

“ಹಂಗಂತ ಅಪ್ಪಂದು ಕಡಿಮಿ ಮಾಡಾಕ ಬರ್ತೈತೇನ್ರಿ?”

ಬಾಳಪ್ಪ ಬಂದ. ಅಣ್ಣತಂಗಿ ನನ್ನ ಎದುರಿಗೇ ಶುರುವಿಟ್ಟರು. ಅವನಿಗೆ ಅಪ್ಪ ಎರಡು ನಿಮಿಷ, ಅವಳಿಗೆ ಅಪ್ಪ ಅರ್ಧ ತಾಸು. ಐದು ನಿಮಿಷ ಅಂದರೆ ಹೇಗೆ ಎಂದು ಅವನು ಸ್ವಲ್ಪ ಏರಿಬಂದ, ಇಪ್ಪತ್ತಕ್ಕಿಂತ ಕೆಳಗೆ ಬರುವುದಿಲ್ಲ ಎಂದು ಅವಳು ಹಟ ಹಿಡಿದಳು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಆವತ್ತು ನೀವಿಬ್ಬರೂ ಎಲ್ಲಿದ್ದಿರಿ ಎಂದು ಕೇಳಿದೆ. ಬಾಳಪ್ಪ ಗಿರಣಿಯ ಪಾಳಿಯಲ್ಲಿದ್ದ. ಕಾಶವ್ವ ಮರುದಿನ ಮುಂಜಾನೆಯ ಬಸ್ಸಿಗೆ ಬಂದಿದ್ದಳು. ಇಬ್ಬರೂ ಅಲ್ಲಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹಿತ್ತಲ ಬಾಗಿಲಲ್ಲಿ ಮಹಾನಂದಾ ಅಕ್ಕಿ ಆರಿಸುತ್ತ ಕೂತಿದ್ದಳು. ನೀಲಗಂಗವ್ವನನ್ನು ಬಿಟ್ಟರೆ ಆವತ್ತು ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಅವಳನ್ನು ಯಾರೂ ಕೇಳಿರಲಿಲ್ಲ.

“ನೀ ಹೇಳು ಮಹಾನಂದಾ, ಎಷ್ಟೊತ್ತು?” ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. “ಅತ್ತಿನ್ನ ಕೇಳ್ರಿ,” ಎಂದಳು. “ನಾ ಏನ್ ಹೇಳಲಿ.”

ಸಿಟ್ಟಿನಲ್ಲಿ ನಾನು ಯಾರ ಅಂದಾಜೂ ಬೇಡ ಎಂದು ತೀರ್ಮಾನ ಮಾಡಿದೆ. ಸಾವಿನ ಹಿಂದಿನ ದಿನವೇ ಮುದುಕಿ ಪೂರ್ತಿ ಇಳಿಸಿಕೊಂಡಿದ್ದಳು, ಅಲ್ಲಿಂದ ಹೆಚ್ಚುಕಡಿಮೆ ಆರು ವರ್ಷ, ಸರಿಯಾಗಿ ಎಣಿಸಿದರೆ ಎರಡು ಸಾವಿರದ ನೂರ ತೊಂಬತ್ತು ದಿನ. ದಿನಕ್ಕೆ ಎರಡರ ಹಾಗೆ ನೀಲಗಂಗವ್ವನ ಸ್ವಂತದ್ದು ನಾಲ್ಕು ಸಾವಿರದ ಮುನ್ನೂರ ಎಂಬತ್ತು ಕೂಲಮ್. ಪೆಟ್ಟಿಗೆಯ ತಿರುಪನ್ನು ಒಂದು ಆಂಪಿಯರಿಗೆ ತಿರುಗಿಸಿ ಅಷ್ಟೇ ಸೆಕೆಂಡು ಇಳಿಸಿದರೆ, ಅಂದರೆ ಎಪ್ಪತ್ತಮೂರು ನಿಮಿಷ, ಒಳಗೆ ಉಳಿಯುವುದು ಗಂಡನದು ಮಾತ್ರ. ಅದು ಐವತ್ತಕ್ಕಿಂತ ಹೆಚ್ಚೋ ಕಡಿಮೆಯೋ ಮುಳ್ಳೇ ಹೇಳುತ್ತದೆ. ನಡುಗದೆ ನಿಂತಿದ್ದರೆ ಮುದುಕಿ ಗಂಡನನ್ನು ಇಟ್ಟುಕೊಳ್ಳಬೇಕೋ ಕೂಸನ್ನು ಎತ್ತಿಕೊಳ್ಳಬೇಕೋ ತಾನೇ ಹೇಳಲಿ. ಹೀಗೆಂದು ಎಲ್ಲರನ್ನೂ ಪಡಸಾಲೆಗೆ ಅಟ್ಟಿ, ಕೋಣೆಯ ಪರದೆ ಎಳೆದೆ. ನೀರು ಕೊಡಲು ಒಬ್ಬರು ಒಳಗಿರಬೇಕು. ಮಹಾನಂದಾ ಮರದ ಸೌಟು ಹಿಡಿದು ಮೂಲೆಯಲ್ಲಿ ಕೂತಳು.

ನೀಲಗಂಗವ್ವ ಮಣೆಯ ಮೇಲೆ ಕೂತಿದ್ದಳು. ಒಣಗಿದ ಸಣ್ಣ ಮುಖ, ಬೆಳ್ಳಗೆ ಕೆದರಿದ ಕೂದಲು. ನಾನು ಎರಡು ಗೇಣು ದೂರದಲ್ಲಿದ್ದರೂ ನನ್ನ ತೋಳಿನ ರೋಮ ನಿಮಿರಿತು. “ಯವ್ವಾ, ಯಾರ ಮ್ಯಾಲೂ ಸಿಟ್ಟು ಮಾಡಬ್ಯಾಡ್ರಿ, ಏನೂ ನೆನಸಬ್ಯಾಡ್ರಿ,” ಎಂದು ಯಾವಾಗಲೂ ಹೇಳುವುದನ್ನೇ ಹೇಳಿ ಹಿಡಿ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಳ್ಳು ಒಂದರ ಮೇಲೆ ಬಂದು ನಿಂತಿತು. ನಾನು ಗಡಿಯಾರ ಒತ್ತಿದೆ.

ಅಂಥ ಸ್ಥಿರವಾದ ಮುಳ್ಳನ್ನು ನಾನು ಕಂಡಿರಲಿಲ್ಲ. ಹೊರಗೆ ಪಡಸಾಲೆಯಲ್ಲಿ ಅಣ್ಣತಂಗಿಯ ಚೌಕಾಸಿ ಮುಂದುವರಿದಿತ್ತು. ಕಾಶವ್ವ ಹದಿನೈದು ನಿಮಿಷಕ್ಕೆ ಬಂದಿದ್ದಳು. ನಾನು ಎರಡು ಸಲ ಪರದೆ ಸರಿಸಿ ಗದರಿಸಿದೆ, ಎರಡು ಸಲವೂ ಅವರು ತಲೆಯಾಡಿಸಿ ದನಿ ತಗ್ಗಿಸಿ ಮತ್ತೆ ಏರಿಸಿದರು. ಒಳಗೆ ಮಹಾನಂದಾ ಹತ್ತು ನಿಮಿಷಕ್ಕೊಮ್ಮೆ ಸೌಟಿನಿಂದ ಅತ್ತೆಯ ಬಾಯಿಗೆ ನೀರು ಹಾಕುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ತಾಸಾಯಿತು. ನನ್ನ ಕಾಲು ಜೋಮು ಹಿಡಿದಿತ್ತು.

ಎಪ್ಪತ್ತೆರಡೂವರೆ ನಿಮಿಷಕ್ಕೆ ಮುಳ್ಳು ನಡುಗಿತು.

ನಾನು ಗಾಜಿನ ಮೇಲೆ ಬೆರಳಿನಿಂದ ಬಡಿದೆ. ತಂತಿಯ ತುದಿಗಳನ್ನು ಅಲುಗಿಸಿ ನೋಡಿದೆ. ಮುಳ್ಳು ನಡುಗುತ್ತಲೇ ಇತ್ತು. ಪೆಟ್ಟಿಗೆ ಕೆಟ್ಟಿತೆಂದು ಹೇಳಲು ನಾನೇನು ರಾಚಯ್ಯನೇ? ತಿರುಪು ಬಂದ್ ಮಾಡಿ ಲೆಕ್ಕ ಹಾಕಿದೆ. ಇಳಿದದ್ದು ನಾಲ್ಕು ಸಾವಿರದ ಮುನ್ನೂರ ಐವತ್ತು ಸೆಕೆಂಡು, ಒಂದು ಆಂಪಿಯರ್, ಅಷ್ಟೇ ಕೂಲಮ್. ನಡುಗುವಾಗ ಉಳಿದದ್ದು ಐವತ್ತು. ಒಟ್ಟು ನಾಲ್ಕು ಸಾವಿರದ ನಾನೂರು. ಅದರಲ್ಲಿ ಅವಳ ಸ್ವಂತದ್ದು ಕಳೆದರೆ ಇಪ್ಪತ್ತು. ಗಂಡನ ಕೈಯಿಂದ ಅವಳಿಗೆ ಬಂದದ್ದು ಇಪ್ಪತ್ತು ಕೂಲಮ್. ಅದನ್ನು ಅರ್ಧ ಆಂಪಿಯರಿನಿಂದ ಭಾಗಿಸಿದರೆ ನಲವತ್ತು. ನಿಮಿಷವಲ್ಲ. ನಲವತ್ತು ಸೆಕೆಂಡು.

ನಾನು ಬೆರಳು ಮಡಿಸಿ ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

“ಹೊಳ್ಳಿ ಎಣಿಸಬ್ಯಾಡ ಸುಲೋಚನಾ,” ಎಂದಳು ನೀಲಗಂಗವ್ವ. ಅವಳ ಕೈ ಇನ್ನೂ ಹಿಡಿಯ ಮೇಲೇ ಇತ್ತು. “ನಿನ್ನ ಲೆಕ್ಕ ಸರಿ ಐತಿ.”

“ಯವ್ವಾ, ಇಪ್ಪತ್ತು ಕೂಲಮ್, ನಲವತ್ತು ಸೆಕೆಂಡು ಬರ್ತೈತಿ.”

“ಅಷ್ಟ ಇರಬೇಕು. ನನಗೇನು ಗಡಿಯಾರ ನೋಡಾಕ ಬರ್ತಿತ್ತೇನು. ಅವರು ಹೋಗೂದು ನನ್ನ ಅಂಗೈಯಾಗ ಗೊತ್ತಾಗಾಕತ್ತಿತು. ಬೆಚ್ಚಗ ಬರಾಕತ್ತಿತು. ಐವತ್ತು ವರ್ಷ ಜೋಡಿ ಇದ್ದ ಮನಷ್ಯಾ, ನನ್ನ ಕೈಯಾಗ ಖಾಲಿ ಆಗಾಕತ್ತಾನ ಅಂತ ತಿಳೀತು. ನನಗ ತಡಕೊಳ್ಳಾಕ ಆಗಲಿಲ್ಲ. ಅವರು ಬೆರಳು ಬಿಗಿ ಹಿಡಿದಿದ್ರು, ನಾನ ಬಿಡಿಸಿಕೊಂಡೆ. ಹಿತ್ತಲಕ ಹೋಗಿ ನೀರಿನ ಹಂಡೆ ಬಾಜೂಕ ನಿಂತೆ.”

ನಾನು ಮಡಿಸಿದ ಬೆರಳುಗಳನ್ನು ಬಿಡಿಸಿದೆ.

“ಹೊಳ್ಳಿ ಬರೂದ್ರಾಗ ಮುಗದಿತ್ತು. ಈ ಸೊಸಿ ಅವರ ಕೈ ಹಿಡಕೊಂಡು ಕುಂತಿದ್ಲು. ನನ್ನ ನೋಡಿ ಎದ್ದು ಜಾಗಾ ಬಿಟ್ಲು. ಆಮ್ಯಾಲೆ ಬಾಳ್ಯಾ ಬಂದ, ಊರು ಬಂತು, ಎಲ್ಲಾರೂ ನಾನ ಹಿಡಿದಿದ್ದೆ ಅಂದ್ಕೊಂಡ್ರು. ನಾ ಅಲ್ಲ ಅನ್ನಲಿಲ್ಲ. ವರ್ಷಕ್ಕ ನೀ ಬಂದು ನೆಂಟರ ಮುಂದ ಇಪ್ಪತ್ತು ಅಂತ ಒದರಿದ್ರ ನಾ ಹ್ಯಾಂಗ ಮಾರಿ ಎತ್ತಲಿ? ಗಂಡ ಕೈ ಚಾಚಿದಾಗ ಬಿಟ್ಟು ಓಡಿದಾಕಿ ಅಂತ. ಅದಕ್ಕ ಇಳಸ್ಕೊಳ್ಳಲಿಲ್ಲ. ಜೀವ ಹಚ್ಕೊಂಡಾಳ ಅಂದ್ರು, ಅನ್ನಲಿ ಅಂತ ಬಿಟ್ಟೆ.” ಅವಳು ಮೂಲೆಯ ಕಡೆ ನೋಡಿದಳು. “ಈಕಿ ಆರು ವರ್ಷ ನನಗ ಕೂಳು ನೂಕಿದ್ಲು. ಒಂದಿನ ಬಾಯಿ ಬಿಡಲಿಲ್ಲ. ಬೈದಿದ್ರ ಚೊಲೊ ಇತ್ತು.”

ಮಹಾನಂದಾ ಸೌಟನ್ನು ನೆಲದ ಮೇಲೆ ಇಟ್ಟಳು. ಆಗ ನನಗೆ ನೆನಪಾಯಿತು. ದುಂಡಪ್ಪ ಸತ್ತ ಮೂರನೆಯ ದಿನ ಅವಳು ತನ್ನ ಪಾಳಿಯ ದಿನಕ್ಕೆ ಕಾಯದೆ ಇಳಿಸುವ ಮನೆಗೆ ಬಂದಿದ್ದಳು. ಸಾವಿನ ಮನೆ, ಅಷ್ಟು ಜನಕ್ಕೆ ಅಡಿಗೆ ಮಾಡಬೇಕು, ಸಣ್ಣ ಮಕ್ಕಳನ್ನು ಎತ್ತಬೇಕು ಎಂದಳು. ಅವಳ ಸ್ವಂತದ ದಿನಗಳ ಪಾಲಿನ ಮೇಲೆ ಮುನ್ನೂರ ನಲವತ್ತು ಹೆಚ್ಚಿಗೆ ಇಳಿಯಿತು, ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಹಿಂದೆ ಪಾಳಿಯ ಜನ ಗೊಣಗುತ್ತಿದ್ದರು. ಎಲ್ಲಿಂದ ತುಂಬಿಕೊಂಡು ಬಂದೆ, ಮೈಮೇಲೆ ಖಬರು ಇಲ್ಲವೇ ಎಂದು ನಾನು ಅವಳನ್ನು ಎಲ್ಲರ ಮುಂದೆ ಬೈದಿದ್ದೆ. ಹಿಟ್ಟಿನ ಗಿರಣಿಯ ಬೆಲ್ಟಿನ ಹತ್ತಿರ ನಿಂತಿದ್ದೆ, ಅದರಿಂದ ಮೈಗೆ ಏರಿತು ಎಂದು ತಲೆ ತಗ್ಗಿಸಿ ಹೇಳಿ ಹೋಗಿದ್ದಳು. ಸಾವಿನ ಮನೆಯ ಹೆಣ್ಣುಮಗಳು ಮೂರನೆಯ ದಿನ ಹಿಟ್ಟಿನ ಗಿರಣಿಗೆ ಯಾಕೆ ಹೋಗುತ್ತಾಳೆ ಎಂದು ಕೇಳುವಷ್ಟು ಬುದ್ಧಿ ನನಗೆ ಇರಲಿಲ್ಲ. ದುಂಡಪ್ಪನನ್ನು ನಾನೇ ಗುಂಡಿಗೆ ಇಳಿಸಿದ್ದೆ, ಅದೂ ಬೈಯುತ್ತ. ಊರಿನವರಿಗೆ ಸೆಕೆಂಡು ತಿಳಿಯುವುದಿಲ್ಲ ಎಂದು ಹಾರಾಡುವ ನನಗೆ ಸೆಕೆಂಡು ಬಿಟ್ಟು ಬೇರೇನೂ ತಿಳಿದಿರಲಿಲ್ಲ. ನನ್ನ ಮೇಲೆ ನನಗೇ ರೇಗಿತು.

“ಅಕ್ಕಾರ, ಆತೇನ್ರಿ?” ಹೊರಗಿನಿಂದ ಬಾಳಪ್ಪನ ದನಿ. “ಹನ್ನೊಂದಕ್ಕ ತೊಟ್ಟಿಲೈತಿ. ಅಪ್ಪಂದು ಎಷ್ಟಾತು?”

ಮಹಾನಂದಾ ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು. “ಮುನ್ನೂರಾ ಅರವತ್ತು ಅಂದುಬಿಡ್ರಿ.”

“ಅಷ್ಟಿದ್ರ ಕೂಸು ಎತ್ತಾಂಗಿಲ್ಲಲ್ಲೇ.”

“ಎಲ್ಲಾ ಇಳಸೀನಿ ಅನ್ರಿ. ನಿಮ್ಮ ಮಾತು ಯಾರು ಹೊಳ್ಳಿ ಕೇಳ್ತಾರ?”

“ಇಪ್ಪತ್ತಮೂರು ವರ್ಷದಾಗ ಒಂದು ಅಂಕಿ ತಪ್ಪು ಹೇಳಿಲ್ಲ ನಾನು,” ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಹೇಳುತ್ತಿರುವಾಗಲೇ, ತಪ್ಪು ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ ಎಂದೂ ಅನಿಸಿತು. ಆ ಮುದುಕಿಯ ಮುಖ ನೋಡಿದರೆ ಸಾವಿರ ಎಂದಾದರೂ ಹೇಳಬಹುದಿತ್ತು. ನಾನು ಬಾಯಿ ತೆರೆಯಲು ಹೊರಟಿದ್ದೆ. ಏನು ಹೇಳುತ್ತಿದ್ದೆನೋ ಇವತ್ತಿಗೂ ನನಗೆ ಗೊತ್ತಿಲ್ಲ.

“ಬ್ಯಾಡ,” ಎಂದಳು ನೀಲಗಂಗವ್ವ. “ಆ ಕೂಸಿನ ಕಿವ್ಯಾಗ ಹೆಸರು ಹೇಳೂ ಬಾಯಿಲೆ ಇನ್ನೊಂದು ಸುಳ್ಳು ಬ್ಯಾಡ. ಖರೇ ಅಂಕಿ ಹೇಳು. ಇಬ್ಬರದೂ ಹೇಳು.”

ಪರದೆ ಸರಿಸಿ ಹೊಸ್ತಿಲ ಮೇಲೆ ನಿಂತೆ. ಬಾಳಪ್ಪ, ಕಾಶವ್ವ, ಕೂಸನ್ನು ಮಡಿಲಲ್ಲಿ ಇಟ್ಟುಕೊಂಡ ಬಾಣಂತಿ, ಓಣಿಯ ನಾಲ್ಕೈದು ಹೆಂಗಸರು. ವರ್ಷದ ದಿನ ಹೇಳುವ ಹಾಗೆಯೇ ಗಟ್ಟಿಯಾಗಿ ಹೇಳಿದೆ. ದುಂಡಪ್ಪನವರದು ಒಟ್ಟು ಮುನ್ನೂರ ಅರವತ್ತು ಕೂಲಮ್. ಹೆಂಡತಿ ನೀಲಗಂಗವ್ವನ ಕೈಯಲ್ಲಿ ಇಪ್ಪತ್ತು. ಸೊಸೆ ಮಹಾನಂದಾಳ ಕೈಯಲ್ಲಿ ಮುನ್ನೂರ ನಲವತ್ತು.

ಚೆಂಡುಹೂವಿನ ಮಾಲೆ ಸರಿಮಾಡುತ್ತಿದ್ದ ಹೆಂಗಸು ಕೈ ಅಲ್ಲೇ ನಿಲ್ಲಿಸಿದಳು. ಬಾಳಪ್ಪನ ತುಟಿ ಅಲುಗಾಡುತ್ತಿತ್ತು, ಗುಣಿಸುತ್ತಿದ್ದನೆಂದು ಕಾಣುತ್ತದೆ. “ಇಪ್ಪತ್ತಂದ್ರ ನಲವತ್ತು ನಿಮಿಷ ಆತಲ್ರಿ,” ಎಂದ.

“ಸೆಕೆಂಡು, ಬಾಳಪ್ಪಾ. ನಲವತ್ತು ಸೆಕೆಂಡು ನಿಮ್ಮವ್ವ. ಉಳಿದ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು ನಿನ್ನ ಹೇಣ್ತಿ.”

ಅವನು ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡ. ನನ್ನ ಹಿಂದೆ ನಿಂತಿದ್ದ ಹೆಂಡತಿಯನ್ನು ನೋಡಿದ. “ನನಗ ಯಾಕ ಹೇಳಲಿಲ್ಲ ನೀ?” ಎಂದ. ದನಿಯಲ್ಲಿ ಜೋರು ಇರಲಿಲ್ಲ.

“ನೀವು ಕೇಳಲಿಲ್ಲ,” ಎಂದಳು ಮಹಾನಂದಾ.

ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಳು. ಓಣಿಯ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಯಿ ಹಚ್ಚಿದ್ದಳು. ನಾನು ಅವರ ಕಡೆ ನೋಡಿದ ನೋಟಕ್ಕೆ ಇಬ್ಬರೂ ದೂರ ಸರಿದರು. ಇಷ್ಟಾದ ಮೇಲೆ ಇನ್ನೂ ಕೆಲಸ ಬಾಕಿ ಇತ್ತು. ನೀಲಗಂಗವ್ವನ ಒಳಗೆ ಐವತ್ತು ಉಳಿದಿತ್ತು, ಅದರಲ್ಲಿ ಮೂವತ್ತು ಅವಳದೇ. ತಿರುಪನ್ನು ಅರ್ಧಕ್ಕೆ ತಿರುಗಿಸಿ, ನಡುಗುವ ಮುಳ್ಳಿನ ಮೇಲೆ ಕಣ್ಣಿಟ್ಟು, ಅರವತ್ತು ಸೆಕೆಂಡು ಇಳಿಸಿ ನಿಲ್ಲಿಸಿದೆ.

“ಯವ್ವಾ, ಇನ್ನ ಉಳದದ್ದು ಆ ಇಪ್ಪತ್ತ. ಅಷ್ಟು ಇದ್ರ ಕೂಸಿಗೆ ಏನೂ ಆಗಂಗಿಲ್ಲ. ಇಟಗೋಬಹುದು ನೀವು.”

ಅವಳು ತಲೆಯಾಡಿಸಿದಳು. ಹಿಡಿಯನ್ನು ಕೆಳಗಿಟ್ಟು, ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನು ಹಿತ್ತಲಿಗೆ ಹೋಗಿ ತಂತಿ ಬಿಡಿಸಿ, ಸುತ್ತಿಕೊಂಡು ಬಂದು, ಪೆಟ್ಟಿಗೆಯ ಮುಚ್ಚಳ ಹಾಕಿ ಎರಡೂ ಕೊಂಡಿ ಸಿಕ್ಕಿಸಿದೆ. ಹತ್ತೂ ಐವತ್ತಾಗಿತ್ತು. ಅಷ್ಟು ತಂತಿ ಸುತ್ತಲು ಹತ್ತು ನಿಮಿಷ ಬೇಕು, ಬಿಚ್ಚಲು ಇನ್ನೂ ಹೆಚ್ಚು. ಬಾಣಂತಿ ಕೂಸನ್ನು ಎತ್ತಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಕೆಂಪು ಕುಲಾವಿ ಹಾಕಿಕೊಂಡು ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ನೀಲಗಂಗವ್ವ ಎದ್ದಳು. ಎರಡೂ ಕೈ ಮುಂದೆ ಚಾಚಿಕೊಂಡೇ ಬಂದಳು.

ಬಂದವಳು ಕೂಸಿನ ಹತ್ತಿರ ನಿಲ್ಲಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಹಾನಂದಾಳ ಕಡೆ ತಿರುಗಿದಳು.

“ಅತ್ತಿ, ನನ್ನ ಮುಟ್ಟಬ್ಯಾಡ್ರಿ,” ಎಂದು ಮಹಾನಂದಾ ಹಿಂದೆ ಸರಿದಳು. “ನನ್ನ ಪಾಳಿ ಇವತ್ತ ಐತಿ. ಪೂರಾ ತೊಂಬತ್ತು ಆಗೇತಿ. ಬಡೀತೈತಿ ನಿಮಗ.”

“ಬಡೀಲಿ,” ಎಂದಳು ನೀಲಗಂಗವ್ವ.

ಗೋಡೆಯ ತನಕ ಹೋದ ಮೇಲೆ ಮಹಾನಂದಾಳಿಗೆ ಸರಿಯಲು ಜಾಗ ಇರಲಿಲ್ಲ. ಅತ್ತೆ ಅವಳ ಎರಡೂ ಕೈ ಹಿಡಿದಳು, ಚಟ್ ಎಂದು ಸಪ್ಪಳವಾಯಿತು. ಇಬ್ಬರ ಮೊಣಕೈಯೂ ಜಗ್ಗಿತು. ಮುದುಕಿ ಹಲ್ಲು ಕಚ್ಚಿಕೊಂಡಳು, ಹಿಡಿದ ಕೈ ಮಾತ್ರ ಸಡಿಲಿಸಲಿಲ್ಲ. ಆಮೇಲೆ ಮಹಾನಂದಾ ಅತ್ತಳು. ಆರು ವರ್ಷದ್ದನ್ನು ಒಟ್ಟಿಗೆ ಅಳುವವರ ಹಾಗೆ, ಬಾಯಿ ತೆರೆದು, ಹುಚ್ಚು ಹುಚ್ಚಾಗಿ ಅತ್ತಳು. ನೀಲಗಂಗವ್ವ ಅವಳ ಹಣೆಗೆ ತನ್ನ ಹಣೆ ಹಚ್ಚಿ ನಿಂತಳು.

ನನ್ನ ಈ ತಲೆ ಅಂಥ ಹೊತ್ತಿನಲ್ಲೂ ಗುಣಾಕಾರ ಬಿಡುವುದಿಲ್ಲ. ಒಬ್ಬಳದು ತೊಂಬತ್ತು, ಒಬ್ಬಳದು ಇಪ್ಪತ್ತು. ಮುಟ್ಟಿದ ಮೇಲೆ ಸಮನಾಗಿ ಇಬ್ಬರಿಗೂ ಐವತ್ತೈದು. ಐವತ್ತರ ಮೇಲೆ ಐದು ಹೆಚ್ಚು. ಕೂಸು ಮುಟ್ಟುವ ಹಾಗಿಲ್ಲ. ಎಪ್ಪತ್ತಮೂರೂವರೆ ನಿಮಿಷ ನಾನು ಮಂಡಿಯೂರಿ ಮಾಡಿದ ಕೆಲಸ ನೀರಿಗೆ ಹೋಯಿತು. ಬಾಣಂತಿ ಕೂಸನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿ ಬೇಡವೆಂದೆ. ಬೈಯಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಪೆಟ್ಟಿಗೆಯ ಕೊಂಡಿ ತೆಗೆದೆ, ಈಗ ತಾನೇ ಸುತ್ತಿದ್ದ ತಂತಿಯನ್ನು ಬಿಚ್ಚಿಕೊಂಡು ಮತ್ತೆ ಹಿತ್ತಲಿಗೆ ಹೋದೆ, ಗುಂಡಿಗೆ ಸಿಕ್ಕಿಸಿ ಬಂದೆ. ಹನ್ನೊಂದು ದಾಟಿ ಹೋಗಿತ್ತು. ಅವರಿಬ್ಬರೂ ಇದ್ದ ಹಾಗೆಯೇ ನಿಂತಿದ್ದರು.

“ಇನ್ನ ಎಷ್ಟೊತ್ತು ಹಿಡೀತೈತ್ರಿ ಅಕ್ಕಾರ?” ಎಂದು ಬಾಳಪ್ಪ ಮೆಲ್ಲಗೆ ಕೇಳಿದ.

“ಅರ್ಧ ಆಂಪಿಯರ್, ಐದು ಕೂಲಮ್. ನೀನ ಹೇಳು.”

ಅವನು ಬೆರಳು ಮಡಿಸಿದ. ಬಹಳ ಹೊತ್ತು ತೆಗೆದುಕೊಂಡ. “ಹತ್ತು ಸೆಕೆಂಡು,” ಎಂದ.

“ಹೂಂ,” ಎಂದೆ. “ಅವರು ಕೈ ಬಿಟ್ಟ ಮ್ಯಾಲೆ.”

ನಾನು ಹಿತ್ತಾಳೆಯ ಹಿಡಿಯನ್ನು ಮುಂದೆ ಚಾಚಿಕೊಂಡು ಕಾದೆ. ನೀಲಗಂಗವ್ವ ಬಿಡುವ ಹಾಗೆ ಕಾಣಲಿಲ್ಲ.